ಯಾರ ಮಾತಿಗೆ?

ನಾನು ಬರೆದ ಕರಾರುಪತ್ರದಲ್ಲಿ 17 ಷರತ್ತುಗಳಿದ್ದವು. 16 ಮೇಸ್ತ್ರಿಯ ಮೇಲೆ. ನನ್ನ ಮೇಲಿದ್ದದ್ದು ಒಂದೇ: ಪ್ರತಿ ಶನಿವಾರ ಸಂಜೆ ಬಟವಾಡೆ ಕೊಡತಕ್ಕದ್ದು. ಅದಕ್ಕೂ ‘ಕೆಲಸ ತೃಪ್ತಿಕರವಾಗಿದ್ದಲ್ಲಿ’ ಎಂದು ಬಾಲ ಅಂಟಿಸಿದ್ದೆ.

ಬೊಮ್ಮಸಂದ್ರದ ಕಾರ್ಖಾನೆಯೊಂದರ ಪರ್ಚೇಸ್ ವಿಭಾಗದಲ್ಲಿ ಇಪ್ಪತ್ತು ವರ್ಷ ಕೂತವನಿಗೆ ಕರಾರು ಬರೆಯಲು ಬೇರೆ ರೀತಿ ಗೊತ್ತಿರಲಿಲ್ಲ. ಎದುರಿನವನು ತಡ ಮಾಡುತ್ತಾನೆ, ತೂಕದಲ್ಲಿ ಹೊಡೆಯುತ್ತಾನೆ, ವಾಪಸು ಕಳಿಸಿದ ಮಾಲಿಗೇ ಬಣ್ಣ ಬಳಿದು ಮತ್ತೆ ತರುತ್ತಾನೆ. ಇದನ್ನೆಲ್ಲ ಮೊದಲೇ ಊಹಿಸಿ ಒಂದೊಂದಕ್ಕೂ ಒಂದೊಂದು ದಂಡ ಬರೆದಿಟ್ಟರೆ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತಿತ್ತು. 2016ರ ಫೆಬ್ರವರಿಯಲ್ಲಿ, ಹೆಬ್ಬಗೋಡಿಯ ನಮ್ಮ ಥರ್ಟಿ–ಫಾರ್ಟಿ ಸೈಟಿನಲ್ಲಿ ಗುದ್ದಲಿ ಪೂಜೆಯಾದ ಮಾರನೆಯ ದಿನ, ಅದೇ ಧಾಟಿಯಲ್ಲಿ ಟೈಪು ಮಾಡಿಸಿದ ಸ್ಟಾಂಪ್ ಪೇಪರನ್ನು ಮೇಸ್ತ್ರಿಯ ಕೈಗಿಟ್ಟೆ. ತಡವಾದರೆ ದಿನಕ್ಕೆ 500 ರೂಪಾಯಿ. ಒಡೆದ ಬ್ಲಾಕಿಗೆ ಇಷ್ಟು, ನೆನೆದ ಸಿಮೆಂಟ್ ಮೂಟೆಗೆ ಇಷ್ಟು. (ಇಂಥ ದಂಡವನ್ನು ಕೋರ್ಟು ಬರೆದಷ್ಟೂ ಕೊಡಿಸುವುದಿಲ್ಲ, 1872ರ ಕರಾರು ಕಾಯ್ದೆಯ 74ನೇ ಕಲಮಿನಂತೆ ನ್ಯಾಯವೆನಿಸುವಷ್ಟು ಪರಿಹಾರ ಮಾತ್ರ ಎಂದು ವಕೀಲ ಗೆಳೆಯನೊಬ್ಬ ಆಮೇಲೆ ನಕ್ಕ. ಇಪ್ಪತ್ತು ವರ್ಷ ಯಾರೂ ನನಗೆ ಅದನ್ನು ಹೇಳಿರಲಿಲ್ಲ.)

ಮೇಸ್ತ್ರಿ ಲಿಂಗಸೂಗೂರು ಕಡೆಯವರು. ಲೆಕ್ಕ ಬಾಯಲ್ಲೇ ಇತ್ತು, ಓದು ನಿಧಾನ. ಎಂಟನೇ ಕ್ಲಾಸಿನ ಮಗನನ್ನು ಶೆಡ್ಡಿನ ಮುಂದೆ ಬ್ಲಾಕಿನ ಮೇಲೆ ಕೂರಿಸಿ ಕಾಗದವನ್ನು ಪೂರ್ತಿ ಓದಿಸಿದರು. ಹುಡುಗ ‘ತತ್ಸಂಬಂಧವಾಗಿ’ ಎಂಬಲ್ಲಿ ಎರಡು ಸಲ ಎಡವಿದ. ಓದಿ ಮುಗಿದ ಮೇಲೆ ಮೇಸ್ತ್ರಿ ಎದ್ದು ಹೋಗಿ, ಎಲೆಯಡಿಕೆ ಉಗಿದು ಬಂದರು.

“ಸಾಹೇಬ್ರ, ಇದ್ರಾಗ ನಾ ಕಳ್ಳ ಅಂತ ಹದಿನಾರು ಕಡೆ ಬರದೈತಿ. ಮನಿ ಕಟ್ಟಾಂವ ಅಂತ ಒಂದ್ ಕಡೇನೂ ಬರದಿಲ್ಲ.”

ನಮ್ಮ ಕಡೆ ಮನೆ ಕಟ್ಟಿಸುವವರಿಗೆ ಇರುವ ದಾರಿಗಳು ಕಡಿಮೆ. ಮೆಟೀರಿಯಲ್ ಸಮೇತ ಕಾಂಟ್ರಾಕ್ಟಿಗೆ ಕೊಟ್ಟರೆ ಚದರಕ್ಕೆ ಇಷ್ಟು ಎಂದು ದರ, ಬೀಗದ ಕೈ ಬರುವ ತನಕ ನೀವು ತಲೆ ಹಾಕುವಂತಿಲ್ಲ. ಸಿಮೆಂಟ್ ಎಷ್ಟು ಬಿತ್ತೆಂದು ಗೋಡೆಯನ್ನೇ ಕೇಳಬೇಕು. ಲೇಬರ್ ಕಾಂಟ್ರಾಕ್ಟ್ ಆದರೆ ಸಾಮಾನು ನಿಮ್ಮದು, ಕೈ ಅವರದು. ಮೂಟೆ ಎಣಿಸುವುದರಲ್ಲೇ ನಿಮ್ಮ ಆಯುಷ್ಯ ಮುಗಿಯುತ್ತದೆ. ಇನ್ನೊಂದು, ಜಾಗ ಇದ್ದವರು ಬಿಲ್ಡರಿಗೆ ಕೊಟ್ಟು ಫ್ಲಾಟುಗಳನ್ನು ಪಾಲು ಮಾಡಿಕೊಳ್ಳುವ ಜೆಡಿ, ಅಂದರೆ ಜಾಯಿಂಟ್ ಡೆವಲಪ್‌ಮೆಂಟ್. ಹೆಸರಿನಲ್ಲೇ ಜಂಟಿ ಇದೆ. ನಮ್ಮ ಹಿಂದಿನ ಬೀದಿಯ ಹಿರಿಯರೊಬ್ಬರು ರಾಗಿ ಬೆಳೆಯುತ್ತಿದ್ದ ಮುಕ್ಕಾಲು ಎಕರೆಯನ್ನು ಹಾಗೆ ಕೊಟ್ಟು, ಆರು ವರ್ಷ ಅರ್ಧ ಎದ್ದ ಕಂಬಗಳನ್ನು ನೋಡುತ್ತಾ ಬಾಡಿಗೆ ಮನೆಯಲ್ಲಿ ಕೂತಿದ್ದರು. ನನ್ನ 17 ಷರತ್ತುಗಳಿಗೆ ಆ ಕಂಬಗಳೂ ಕಾರಣ.

ಮೇಸ್ತ್ರಿ ಸಹಿ ಹಾಕಲಿಲ್ಲ, ಕೆಲಸ ಬಿಟ್ಟೂ ಹೋಗಲಿಲ್ಲ. ಮಾರನೆಯ ದಿನ ಹೆಬ್ಬಗೋಡಿ ಸರ್ಕಲ್ಲಿನಿಂದ ಉದ್ದನೆಯ ಲೆಕ್ಕದ ಪುಸ್ತಕ ಒಂದನ್ನು ತಂದರು. ಮಗನ ಕೈಲಿ ನಾಲ್ಕು ಗೆರೆ ಎಳೆಸಿದ್ದರು. ತಾರೀಕು, ಏನು, ಎಷ್ಟು, ಯಾರ ಮಾತಿಗೆ. ಆ ಕೊನೆಯ ಕಾಲಂ ಏಕೆ ಎಂದು ಕೇಳಿದೆ. ಅಕ್ಕಾರು ಬಂದು ಕಿಟಕಿ ಸರಿಸು ಅಂತಾರೆ, ನೀವು ಬಂದು ಯಾರು ಸರಿಸಿದ್ದು ಅಂತೀರಿ, ಕೂಲಿ ಮಾತ್ರ ನನ್ನ ತಲೆಗೆ ಬರುತ್ತದೆ ಎಂದರು. ಮನೆ ಕಟ್ಟಿಸಿದ ಯಾರೂ ಈ ಮಾತಿಗೆ ಎದುರಾಡಲಾರರು.

ಆಮೇಲೆ ಇಬ್ಬರೂ ಕೂತು ಮಾತಾಡಿ ಎರಡು ಕಟ್ಟಳೆ ಮಾಡಿಕೊಂಡೆವು. ಒಂದು: ತಪ್ಪು ಯಾರದೇ ಇರಲಿ, ಅದೇ ದಿನ ಹೇಳಿದರೆ ನಷ್ಟ ಅರ್ಧ–ಅರ್ಧ, ಮುಚ್ಚಿಟ್ಟು ಆಮೇಲೆ ಗೊತ್ತಾದರೆ ಪೂರ್ತಿ ಮುಚ್ಚಿಟ್ಟವರದೇ. ಇನ್ನೊಂದು ಸಿಮೆಂಟಿನದು. ಮೇಸ್ತ್ರಿಯ ಅಂದಾಜಿನಂತೆ ಎರಡು ಅಂತಸ್ತಿಗೆ 720 ಮೂಟೆ. ಅದಕ್ಕಿಂತ ಕಡಿಮೆಯಲ್ಲಿ ಮುಗಿದರೆ ಉಳಿದದ್ದರ ಬೆಲೆಯಲ್ಲಿ ಅವರಿಗೆ ಅರ್ಧ. ಇದನ್ನು ಕೇಳಿ ನನ್ನ ಭಾವಮೈದ ಹೌಹಾರಿದ. ಅವನು ಡಿಪ್ಲೊಮಾ ಸಿವಿಲ್. “ಭಾವ, ಸಿಮೆಂಟ್ ಉಳಿಸಿದರೆ ದುಡ್ಡು ಅಂದರೆ ಮೋಲ್ಡಿಗೆ ಮರಳೇ ಜಾಸ್ತಿ ಬೀಳುತ್ತೆ. ನೀವೇ ಲಂಚ ಕೊಟ್ಟು ಮನೆ ಬೀಳಿಸಿಕೊಳ್ತೀರ” ಅಂದ. ಮೇಸ್ತ್ರಿಗೆ ಸಿಟ್ಟು ಬರಬಹುದು ಅಂದುಕೊಂಡೆ. ಅವರು ತಲೆಯಾಡಿಸಿ, ಹುಡುಗ ಹೇಳಿದ್ದು ಬರೋಬ್ಬರಿ ಐತಿ ಅಂದರು. ಹಾಗಾಗಿ ಕಂಬ, ತೊಲೆ, ಮೋಲ್ಡು ಲೆಕ್ಕದಿಂದ ಹೊರಗಾದವು. ಅಲ್ಲಿ ಅಳತೆಯ ಪೆಟ್ಟಿಗೆಯಲ್ಲಿ ಅಳೆದೇ ಹಾಕಬೇಕು, ಉಳಿತಾಯದ ಮಾತೇ ಇಲ್ಲ. ಗೋಡೆಯ ಗಾರೆಯಲ್ಲಿ, ಪ್ಲಾಸ್ಟರಿಂಗಿನಲ್ಲಿ ನೆಲಕ್ಕೆ ಉದುರಿ ಹಾಳಾಗುವುದು, ಮಳೆಗೆ ನೆನೆದು ಗಟ್ಟಿಯಾಗುವ ಮೂಟೆ, ಸಂಜೆ ಕಲಸಿ ಮಿಗಿಸಿದ ಬಾಂಡ್ಲಿ, ಇವುಗಳಲ್ಲಿ ಉಳಿಸಿದರೆ ಮಾತ್ರ ಪಾಲು. ಪರ್ಚೇಸಿನಲ್ಲಿ ನಾನು ಬರೆದ ಸಾವಿರ ಆರ್ಡರುಗಳಲ್ಲಿ ಇಷ್ಟು ಯೋಚಿಸಿ ಬರೆದದ್ದು ಒಂದೂ ಇರಲಿಲ್ಲ.

ಸ್ಟಾಂಪ್ ಪೇಪರು ಬೀರುವಿಗೆ ಹೋಯಿತು. ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಶೆಡ್ಡಿನ ಟ್ರಂಕಿನಲ್ಲಿಟ್ಟೆವು.

ಮೊದಲು ಸಿಕ್ಕಿಬಿದ್ದವನು ನಾನೇ. ಏಪ್ರಿಲ್ 18, 19ರಂದು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗೆ ಇಳಿದರು. ಮಾಲೀಕರು ಕಟ್ಟಿದ ಪಿಎಫ್ ಪಾಲನ್ನು 58 ವರ್ಷದ ತನಕ ತೆಗೆಯುವಂತಿಲ್ಲ ಎಂದು ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಮಾಡಿದ್ದ ನಿಯಮ ಅವರ ಸಿಟ್ಟಿಗೆ ಕಾರಣ. ಸಂಘವಿಲ್ಲ, ಮುಂದಾಳಿಲ್ಲ, ಪಾಳಿ ಬಿಟ್ಟು ಬಂದ ಸಾವಿರಾರು ಜನ. ಎರಡನೆಯ ದಿನ ಹೆಬ್ಬಗೋಡಿ ಪೊಲೀಸ್ ಠಾಣೆಯ ಹತ್ತಿರ ವಾಹನಗಳು ಹೊತ್ತಿ ಉರಿದವು. ನಮ್ಮ ಸೈಟಿನಿಂದ ಕರಿ ಹೊಗೆ ಕಾಣುತ್ತಿತ್ತು. ಅದೇ ಸಂಜೆಯೊಳಗೆ ಸರ್ಕಾರ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ಬಾಂಡ್ಲಿ ಹೊರುತ್ತಿದ್ದ ಹೆಂಗಸೊಬ್ಬಳು ಪಿಎಫ್ ಅಂದ್ರ ಏನ್ರಿ ಎಂದು ನನ್ನನ್ನು ಕೇಳಿದಳು. ವಿವರಿಸಿದೆ. “ಅದು ನಮಗ ಇಲ್ಲೇನ್ರಿ ಹಂಗಾರ?” ಅಂದಳು. ಅದಕ್ಕೆ ಪುಸ್ತಕದಲ್ಲಿ ಕಾಲಂ ಇರಲಿಲ್ಲ.

ರಸ್ತೆ ತೆರೆದರೂ ಮರಳಿನ ಲಾರಿ ಬರಲಿಲ್ಲ. ಪ್ಲಿಂತ್ ಮೇಲೆ ಗೋಡೆ ಏಳಬೇಕು, ಗೌಂಡಿಗಳು ಕೈ ಕಟ್ಟಿ ಕೂತಿದ್ದಾರೆ. ಪರಿಚಯದವರ ಮೂಲಕ ಒಂದು ಲೋಡು ತರಿಸಿದೆ. ನದಿ ಮರಳೇ ಸಾರ್ ಅಂದ ತಂದವನು. ಬೆಲೆ ಕೇಳಿದಾಗಲೇ ನನಗೆ ಅನುಮಾನವಿತ್ತು. ಆ ದುಡ್ಡಿಗೆ ನದಿ ಮರಳು ಕನಸಿನಲ್ಲೂ ಸಿಗುತ್ತಿರಲಿಲ್ಲ. ಆದರೂ ಇಳಿಸಿಕೊಂಡೆ. ಮೇಸ್ತ್ರಿ ಒಂದು ಹಿಡಿಯನ್ನು ಅಂಗೈಯಲ್ಲಿ ಉಜ್ಜಿ ನೋಡಿದರು. ಗಾಜಿನ ಲೋಟದಲ್ಲಿ ನೀರು ತರಿಸಿ, ಮರಳು ಹಾಕಿ ಕದಡಿ, ಶೆಡ್ಡಿನ ಕಿಟಕಿಯ ಮೇಲಿಟ್ಟು ಬೇರೆ ಕೆಲಸಕ್ಕೆ ಹೋದರು. ಚಹಾದ ಹೊತ್ತಿಗೆ ತಳದಲ್ಲಿ ಮರಳು, ಅದರ ಮೇಲೆ ಎರಡು ಬೆರಳು ದಪ್ಪ ಕೆಂಪು ಕೆಸರು ಕೂತಿತ್ತು.

“ಇದು ಉಸುಕಲ್ರಿ. ಕೆರಿ ಮಣ್ಣು ಜಳಕಾ ಮಾಡಿ ಬಂದೈತಿ.”

ಫಿಲ್ಟರ್ ಮರಳು. ಕೆರೆಯಂಗಳದ, ಹೊಲದ ಮಣ್ಣನ್ನು ತೊಳೆದು ಜರಡಿ ಹಿಡಿದು ಮಾರುವ ಈ ದಂಧೆ ಬೆಂಗಳೂರಿನ ಸುತ್ತ ಎಷ್ಟು ಕೆರೆಗಳನ್ನು ಬಗೆಯಿತೋ. ಅದರ ಗಾರೆ ಹಿಡಿಯುವುದಿಲ್ಲ, ಪ್ಲಾಸ್ಟರು ಒಡೆಯುತ್ತದೆ. ನಾನು ಪುಸ್ತಕ ತೆಗೆದು ಅರ್ಧ–ಅರ್ಧ ಎಂದು ಬರೆಯಹೊರಟೆ. ಮೇಸ್ತ್ರಿ ಕೇಳಿದರು, “ಇಳಿಸ್ಕೊಳ್ಳೋವಾಗ ಗೊತ್ತಿತ್ತೇನ್ರಿ ನಿಮಗ?” ಸುಳ್ಳು ಹೇಳಬಹುದಿತ್ತು. ಗೊತ್ತಿತ್ತು ಅಂದೆ. ಆ ಲೋಡು ಪೂರ್ತಿ ನನ್ನ ಲೆಕ್ಕಕ್ಕೆ ಬಂತು. ಪಾಯದ ಒಳಗಿನ ಭರ್ತಿಗೆ ಹಾಕಿದೆವು. ಈಗಲೂ ನಮ್ಮ ಹಾಲಿನ ನೆಲದಡಿ ಯಾವುದೋ ಕೆರೆ ಮಲಗಿದೆ. ಆಮೇಲೆ ಎಂ–ಸ್ಯಾಂಡಿಗೆ ಬದಲಾದೆವು.

ಅವರ ಸರದಿ ಮೇ ತಿಂಗಳಲ್ಲಿ. ಹಿಂದಿನ ಕೋಣೆಯ ಲಿಂಟಲ್ ನಾಲ್ಕು ಇಂಚು ಕೆಳಗೆ ಬಿದ್ದಿತ್ತು. ಹೊಸ ಗೌಂಡಿ ರಸಮಟ್ಟ ಹಿಡಿಯುವಾಗ ತಪ್ಪು ಗುರುತಿನಿಂದ ಎತ್ತಿದ್ದ. ನಾನಿದನ್ನು ಕಂಡುಹಿಡಿಯುತ್ತಿದ್ದೆನೇ? ಇಲ್ಲ. ಬಾಗಿಲು ಕೂರಿಸುವಾಗ ಬಡಗಿ ಕಂಡುಹಿಡಿಯುತ್ತಿದ್ದ, ಅಷ್ಟರಲ್ಲಿ ಪ್ಲಾಸ್ಟರು ಮುಗಿದಿರುತ್ತಿತ್ತು. ಮೇಸ್ತ್ರಿ ಅದೇ ಸಂಜೆ ಕಾರ್ಖಾನೆಗೆ ಫೋನು ಮಾಡಿ, ಒಡೀಬೇಕಾಗೇತ್ರಿ ಅಂದರು. ಒಡೆದರು. ಸಾಮಾನು ನನ್ನದು, ಎರಡು ದಿನದ ಕೂಲಿ ಅವರದು. ಮಾವನವರ ಮನೆಯಲ್ಲಿ ಮೇಸ್ತ್ರಿಯೊಬ್ಬ ತೊಲೆಯ ಬಿರುಕನ್ನು ಸಿಮೆಂಟ್ ತಿಳಿ ಸವರಿ ಮುಚ್ಚಿದ್ದನ್ನು ಹತ್ತು ವರ್ಷದ ಮೇಲೆ ಕಂಡಿದ್ದೆ. ಅವನನ್ನು ಬೈಯುವಾಗ ಅವನ ಕರಾರಿನಲ್ಲಿ ತಪ್ಪಿಗೆ ದಂಡ ಎಷ್ಟಿತ್ತೆಂದು ಯಾರೂ ಕೇಳಿರಲಿಲ್ಲ.

ಮನೆಯವಳ ಹೆಸರೂ ‘ಯಾರ ಮಾತಿಗೆ’ ಕಾಲಮಿನಲ್ಲಿ ಧಾರಾಳವಾಗಿದೆ. ದೇವರ ಮನೆ ಎರಡು ಸಲ ಜಾಗ ಬದಲಿಸಿತು, ಎರಡಕ್ಕೂ ಅವಳೇ. ಅಡುಗೆಮನೆ ಕಿಟಕಿ ಕಿರಿದಾದದ್ದು ನನ್ನ ಮಾತಿಗೆ. ಅದನ್ನು ಅವಳು ಇವತ್ತಿಗೂ ಪುಸ್ತಕ ನೋಡದೆ ಹೇಳುತ್ತಾಳೆ.

ಆಷಾಢ ಬರುವ ಮೊದಲು, ಜೂನ್ ಕೊನೆಗೆ ಮೊದಲ ಮೋಲ್ಡು. ಬೆಳಗ್ಗೆ ಆರಕ್ಕೆ ಮಿಕ್ಸರ್ ಶುರುವಾದರೆ ಸಂಜೆ ಐದರವರೆಗೆ ನಿಲ್ಲಲಿಲ್ಲ, 90 ಮೂಟೆ ಹೋಯಿತು. ಆ ದಿನ ಎಲ್ಲರಿಗೂ ಮಾಲೀಕನ ಮನೆಯ ಊಟ, ಕೊನೆಯ ಬಾಂಡ್ಲಿ ಏರಿದ ಮೇಲೆ ಮೇಸ್ತ್ರಿಗೆ ಪಂಚೆ, ಟವೆಲು. ನೀರು ಕಟ್ಟಲು ಮಡಿ ಮಾಡಿ 21 ದಿನ ಟ್ಯಾಂಕರ್ ನೀರು ನಿಲ್ಲಿಸಿದೆವು. ಹೆಬ್ಬಗೋಡಿಯಲ್ಲಿ ಕುಡಿಯುವುದಕ್ಕೂ ಟ್ಯಾಂಕರೇ, ಮೋಲ್ಡಿಗೂ ಟ್ಯಾಂಕರೇ.

ಎರಡನೆಯ ಮೋಲ್ಡಿಗೆ ಕಂಬಿ ಅರ್ಧ ಕಟ್ಟಿದ್ದಾಗ ಸೆಪ್ಟೆಂಬರ್ 12 ಬಂತು. ಕಾವೇರಿ. ಸುಪ್ರೀಂ ಕೋರ್ಟು ತಮಿಳುನಾಡಿಗೆ ದಿನಕ್ಕೆ 12,000 ಕ್ಯೂಸೆಕ್ ಬಿಡಿ ಎಂದ ಸುದ್ದಿ ಮಧ್ಯಾಹ್ನ ಬಂದದ್ದೇ ಊರು ಹೊತ್ತಿಕೊಂಡಿತು. ನಮ್ಮ ಕಂಬಿ ಕಟ್ಟುವವರು ಮೂವರೂ ಕೃಷ್ಣಗಿರಿಯವರು. ಅವರ ತಮಿಳು, ಮೇಸ್ತ್ರಿಯ ರಾಯಚೂರು ಕನ್ನಡ, ನನ್ನ ಬೆಂಗಳೂರು ಕನ್ನಡ, ಇವು ಮೂರೂ ತಿಂಗಳುಗಟ್ಟಲೆ ಒಂದೇ ಸೆಂಟ್ರಿಂಗ್ ಹಲಗೆಯ ಮೇಲೆ ಜಗಳವಿಲ್ಲದೆ ಓಡಾಡಿದ್ದವು. ಆ ರಾತ್ರಿ ಮೇಸ್ತ್ರಿ ಅವರನ್ನು ಶೆಡ್ಡಿನಲ್ಲಿ ಬಿಡದೆ, ಬಾಗಿಲಿಲ್ಲದ ಕೆಳಗಿನ ಕೋಣೆಗೆ ಹಲಗೆ ಅಡ್ಡ ಇಟ್ಟು ಒಳಗೆ ಮಲಗಿಸಿದರು. ತಾವು ಹೊಸಿಲ ಹೊರಗೆ ಮಲಗಿದರು. ಎರಡು ದಿನ ಬಿಟ್ಟು ಅವರನ್ನು ಅತ್ತಿಬೆಲೆಗೆ ಕರೆದೊಯ್ದೆವು. ಬಸ್ಸುಗಳು ಗಡಿಯಲ್ಲೇ ನಿಂತಿದ್ದವು. ಹೆಂಗಸರು, ಮಕ್ಕಳು, ಸೂಟ್‌ಕೇಸು ಹೊತ್ತವರು ಸಾಲಾಗಿ ನಡೆದೇ ಆಚೆ ದಾಟುತ್ತಿದ್ದರು. ಉಳಿದ ಕಂಬಿಯನ್ನು ಗೌಂಡಿಗಳೇ ಕಟ್ಟಿದರು. ಪುಸ್ತಕದಲ್ಲಿ ಆ ಎಂಟು ದಿನದ ತಡಕ್ಕೆ ‘ಯಾರ ಮಾತಿಗೆ’ ಎಂಬಲ್ಲಿ ಬರೀ ಒಂದು ಅಡ್ಡಗೆರೆ ಇದೆ. ನನ್ನ ಹಳೆಯ ಕರಾರಿನ ಪ್ರಕಾರ ಮೇಸ್ತ್ರಿ 4,000 ರೂಪಾಯಿ ದಂಡ ಕಟ್ಟಬೇಕಿತ್ತು.

ಇನ್ನು ಹೇಳಲು ಕಷ್ಟವಾದದ್ದು.

ನವೆಂಬರ್ 8, ಮಂಗಳವಾರ ರಾತ್ರಿ ಎಂಟಕ್ಕೆ ಟಿವಿಯಲ್ಲಿ 500, 1000ದ ನೋಟು ರದ್ದು ಎಂದರು. ಟೈಲ್ಸಿಗೆ, ಬಟವಾಡೆಗೆ ಎಂದು ಹಿಂದಿನ ವಾರವಷ್ಟೇ ಬ್ಯಾಂಕಿನಿಂದ ತಂದ ದುಡ್ಡು ಬೀರುವಿನಲ್ಲಿತ್ತು, ಎಲ್ಲ ಐನೂರರದೇ. ನಾನು ಅದನ್ನು ನನ್ನ ಖಾತೆಗೆ ಕಟ್ಟಬಹುದಿತ್ತು, ಡಿಸೆಂಬರ್ 30ರವರೆಗೆ ಅವಕಾಶವಿತ್ತು. ಆದರೆ ಕಟ್ಟಿದರೆ ವಾಪಸು ತೆಗೆಯುವುದು ಹೇಗೆ? ಎಟಿಎಮ್ಮಿನಲ್ಲಿ ದಿನಕ್ಕೆ 2,000, ಅದೂ ದುಡ್ಡಿದ್ದರೆ. 12ರ ಶನಿವಾರ ಬಂತು. ಮೇಸ್ತ್ರಿಯ ಗುಂಪಿಗೆ 30,000 ಕೊಡಬೇಕು. ಅರವತ್ತು ಹಳೆಯ ನೋಟು ಎಣಿಸಿ ಕೊಟ್ಟೆ. ತಲೆಗೆ 4,000ದಂತೆ ಬ್ಯಾಂಕಿನಲ್ಲಿ ಬದಲಿಸಿ ಕೊಡುತ್ತಾರಲ್ಲ, ನೀವು ಇಷ್ಟು ಜನ ಇದ್ದೀರಿ ಅಂದೆ. ಗುರುತಿನ ಚೀಟಿ ಬೇಕು, ಅವರಲ್ಲಿ ಅರ್ಧ ಜನರ ಆಧಾರ್ ಊರಲ್ಲಿದೆ ಎಂಬುದು ನನಗೆ ತಿಳಿಯದ ವಿಷಯವಲ್ಲ. ಮೇಸ್ತ್ರಿ ನೋಟುಗಳನ್ನು ನೋಡಿದರು, ನನ್ನನ್ನು ನೋಡಿದರು, ಕಿಸೆಗಿಟ್ಟರು.

ಮುಂದಿನ ಶನಿವಾರ ಪುಸ್ತಕದಲ್ಲಿ ಅವರದೇ ದಪ್ಪ ಅಕ್ಷರ ಇತ್ತು. ಹಳೆ ನೋಟು 60, ಒಂದಕ್ಕ 100 ಕಡಿಮಿ, 6,000. ಕೂಲಿಯವರಿಗೆ ಅಂದೇ ಅಕ್ಕಿ–ಬೇಳೆಗೆ ದುಡ್ಡು ಬೇಕು. ಐನೂರಕ್ಕೆ ನಾನೂರು ಕೊಡುವವನೊಬ್ಬನಿಗೆ ಕೊಟ್ಟುಬಂದಿದ್ದರು. ನಾನು ಪೂರ್ತಿ ನನ್ನ ಲೆಕ್ಕಕ್ಕೆ ಹಾಕಿ ಅಂದೆ. ಅಂದೆ ಅಷ್ಟೆ, ದನಿಯಲ್ಲಿ ಜೋರಿರಲಿಲ್ಲ. “ನೋಟು ನೀವ್ ರದ್ದ್ ಮಾಡೀರೇನ್ರಿ? ಅರ್ಧ–ಅರ್ಧ ಬರೀರಿ” ಅಂದರು. ಬರೆದೆ. ಮೂರು ಸಾವಿರ ಅವರದು, ಮೂರು ಸಾವಿರ ನನ್ನದು. ಬರೆಯುವಾಗ ಎದೆ ಹಗುರಾದದ್ದು ನೆನಪಿದೆ. ರದ್ದು ಮಾಡಿದ್ದು ನಾನಲ್ಲ ನಿಜ, ರದ್ದಾದದ್ದನ್ನು ಅವರ ಕೈಗೆ ದಾಟಿಸಿದ್ದು ನಾನು. ಮರಳಿನ ದಿನ ‘ಗೊತ್ತಿತ್ತೇನ್ರಿ’ ಎಂದು ಕೇಳಿದವರು ಅವತ್ತು ಕೇಳಲಿಲ್ಲ. ಕೇಳದೆ ಬಿಟ್ಟದ್ದು ಮರೆತಲ್ಲ ಎಂದು ಈಗ ಅನಿಸುತ್ತದೆ.

ಡಿಸೆಂಬರ್ ತುಂಬ ನಮ್ಮ ಬಟವಾಡೆ ನಡೆದದ್ದು ಆ ಪುಸ್ತಕದ ಮೇಲೆಯೇ. ಬೀದಿ ಕೊನೆಯ ದಿನಸಿ ಅಂಗಡಿಗೆ ನಾನು ಚೆಕ್ಕು ಕೊಟ್ಟೆ. ಮೇಸ್ತ್ರಿ ಬರೆದುಕೊಟ್ಟ ಚೀಟಿಗೆ ಅವರು ಅಕ್ಕಿ, ಎಣ್ಣೆ, ಜೋಳದ ಹಿಟ್ಟು ಕೊಟ್ಟರು. ಊರಿಗೆ ಕಳಿಸಬೇಕಾದದ್ದು ಬಾಕಿ ಉಳಿಯಿತು, ಜನವರಿಯಲ್ಲಿ ತೀರಿತು. ಆ ವಾರಗಳಲ್ಲಿ ಪಕ್ಕದ ಮೂರು ಸೈಟುಗಳಲ್ಲಿ ಕೆಲಸ ನಿಂತಿತ್ತು. ನಮ್ಮಲ್ಲಿ ಗಿಲಾವು ನಡೆಯುತ್ತಲೇ ಇತ್ತು.

2017ರ ಫೆಬ್ರವರಿ 3, ರಥಸಪ್ತಮಿ, ಗೃಹಪ್ರವೇಶ. ಮೆಲ್ಬರ್ನಿನಲ್ಲಿ ಸಿವಿಲ್ ಎಂಜಿನಿಯರಾಗಿರುವ ಅಕ್ಕನ ಮಗ ಬಂದಿದ್ದ. ಊಟದ ಮೇಲೆ ಪುಸ್ತಕ ತಿರುವಿಹಾಕಿದವನು ಕೆಳಗಿಡಲಿಲ್ಲ. “ಮಾವ, ನಾವು ಇದಕ್ಕೆ ಅಲಯನ್ಸ್ ಕಾಂಟ್ರಾಕ್ಟ್ ಅಂತೀವಿ” ಅಂದ. ತೊಂಬತ್ತರ ದಶಕದಲ್ಲಿ ಉತ್ತರ ಸಮುದ್ರದ ಆಂಡ್ರ್ಯೂ ಎಂಬ ತೈಲ ನಿಕ್ಷೇಪದಲ್ಲಿ ಬಿಪಿ ಕಂಪನಿ ತನ್ನ ಗುತ್ತಿಗೆದಾರರ ಜೊತೆ ಒಟ್ಟು ಖರ್ಚಿನ ಗುರಿ ಗೊತ್ತುಮಾಡಿ, ಉಳಿದರೂ ಮೀರಿದರೂ ಪಾಲು ಎಂದು ಒಪ್ಪಿಕೊಂಡಿತಂತೆ. ಕೆಲಸ ಅಂದುಕೊಂಡದ್ದಕ್ಕಿಂತ ಕಡಿಮೆಯಲ್ಲಿ, ಬೇಗ ಮುಗಿಯಿತಂತೆ. 2001ರಲ್ಲಿ ಕ್ಯಾನ್‌ಬೆರಾದಲ್ಲಿ ತೆರೆದ ಆಸ್ಟ್ರೇಲಿಯಾದ ರಾಷ್ಟ್ರೀಯ ವಸ್ತುಸಂಗ್ರಹಾಲಯವನ್ನೂ ಹಾಗೇ ಕಟ್ಟಿದ್ದು. ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋಗುವುದಿಲ್ಲ ಎಂದೇ ಅಂಥ ಕರಾರಿನಲ್ಲಿ ಬರೆಯುತ್ತಾರಂತೆ. ಇಂಗ್ಲೆಂಡಿನಲ್ಲಿ 1994ರಲ್ಲಿ ಮೈಕೆಲ್ ಲೇಥಮ್ ಎಂಬವರು, ಕಟ್ಟಿಸುವವರೂ ಕಟ್ಟುವವರೂ ಬಡಿದಾಡುವುದು ಬಿಟ್ಟು ತಂಡವಾಗಬೇಕೆಂದು ಸರ್ಕಾರಕ್ಕೇ ವರದಿ ಕೊಟ್ಟರಂತೆ. ಮೇಸ್ತ್ರಿ ಹೊಸ ಪಂಚೆಯಲ್ಲಿ ಕೂತು ಇದನ್ನೆಲ್ಲ ಕೇಳಿದರು. “ಅಲ್ಲಿ ಗೌಂಡಿಗೆ ದಿನಕ್ಕೆಷ್ಟ್ರಿ ಪಗಾರ?” ಅಂದರು. ಅಳಿಯ ಹೇಳಿದ. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಸಿಮೆಂಟ್ 681 ಮೂಟೆಗೆ ಮುಗಿದಿತ್ತು. 39 ಮೂಟೆಯ ಬೆಲೆಯಲ್ಲಿ ಅರ್ಧವನ್ನು ಎಲೆಯಡಿಕೆಯ ಮೇಲಿಟ್ಟು ಕೊಟ್ಟೆ. ಒಂದು ಮಳೆಗಾಲ ಕಳೆಯಲಿ ಎಂದು 20,000 ಹಿಡಿದಿಟ್ಟುಕೊಂಡಿದ್ದೆ. ಅದು ಅವರೇ ಒಪ್ಪಿದ್ದು.

ಆ ಮಳೆಗಾಲ ಎಂಥದೆಂದು ಬೆಂಗಳೂರಿನವರಿಗೆ ಹೇಳಬೇಕಿಲ್ಲ. 2017ರ ಆಗಸ್ಟ್ 14ರ ರಾತ್ರಿ ಸುರಿದದ್ದಕ್ಕೆ ಕೋರಮಂಗಲ, ಎಚ್‌ಎಸ್‌ಆರ್ ಬಡಾವಣೆಗಳಲ್ಲಿ ಬೆಳಗಾಗುವಾಗ ದೋಣಿ ಇಳಿದಿದ್ದವು. ಬೆಳಗ್ಗೆ ಆರಕ್ಕೆ ಫೋನು. ಧ್ವಜಾರೋಹಣಕ್ಕೆ ಕಾರ್ಖಾನೆಯಿಂದ ಇರಬೇಕೆಂದು ಎತ್ತಿದರೆ ಮೇಸ್ತ್ರಿ. “ಸೋರೈತೇನ್ರಿ?” ಮೆಟ್ಟಿಲ ಮೇಲಿನ ಗೋಡೆಯಲ್ಲಿ ಒಂದು ಅಂಗೈಯಗಲ ಕಲೆ ಕಂಡಿತ್ತು. ಹೇಳಲೋ ಬೇಡವೋ ಎಂದುಕೊಳ್ಳುತ್ತಿದ್ದವನು ಹೇಳಿದೆ.

ಭಾನುವಾರ ಬಂದರು, ಮಗನೂ ಜೊತೆಗಿದ್ದ. ಹೆಡ್‌ರೂಮಿನ ಮೋಲ್ಡೂ ಗೋಡೆಯೂ ಕೂಡುವ ಕಡೆ ಒಡೆದು, ತುಂಬಿ, ಇಳಿಜಾರು ತಿದ್ದಿದರು. ಮಧ್ಯಾಹ್ನ ನಮ್ಮಲ್ಲೇ ಊಟ. ಕೈ ತೊಳೆದುಕೊಂಡು ಪುಸ್ತಕ ಕೇಳಿದರು. ಸಿಮೆಂಟ್ ಅರ್ಧ ಮೂಟೆ, ಒಂದು ಆಳು, ಒಂದು ದಿನ. ಎಷ್ಟು ಎಂಬಲ್ಲಿ 900 ಎಂದು ಬರೆದು, ಅರ್ಧ ಮಾಡಿ, 450 ಎಂದು ಕೆಳಗೆ ಹಾಕಿದರು. ಕೊನೆಯ ಕಾಲಮಿಗೆ ಬಂದಾಗ ಪೆನ್ನು ನಿಂತಿತು. ಮಗನ ಮುಖ ನೋಡಿದರು, ಆಮೇಲೆ ಕಿಟಕಿಯ ಹೊರಗೆ. ಯಾರ ಮಾತಿಗೆ ಎಂಬಲ್ಲಿ, ತಮ್ಮ ದಪ್ಪ ಅಕ್ಷರದಲ್ಲಿ, ‘ಮಳಿ’ ಎಂದು ಬರೆದರು.